ಬಜೆಟ್ ಪ್ರೊಸೆಸರ್ ಮತ್ತು ಕಲಬುರಗಿಯ ಬಿಸಿಲು: ಓವರ್‌ಕ್ಲಾಕ್, ತಂಪು, ಮುಂದಿನ ಅಪ್‌ಗ್ರೇಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ವಿದ್ಯಾರ್ಥಿಗಳು, ಫೋಟೊ ಸ್ಟುಡಿಯೊದವರು, ಡಿಟಿಪಿ ಅಂಗಡಿಯವರು ಎದುರಿಗೆ ಸಿಕ್ಕಾಗಲೂ ಪತ್ರ ಬರೆದಾಗಲೂ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಕೂಡಿಸಿದ್ದೇನೆ. ಓವರ್‌ಕ್ಲಾಕ್ ಕುರಿತ ಸಲಹೆಗಳಲ್ಲಿ ಬಹುಪಾಲು ತಂಪು ದೇಶಗಳ ಕೋಣೆಗಳಲ್ಲಿ ಕುಳಿತವರು ಬರೆದವು. ಅವರ ಅಂಕಿಗಳನ್ನು ಹಾಗೆಯೇ ಮೇ ತಿಂಗಳ ಕಲಬುರಗಿಗೆ ತಂದರೆ ಹೊಂದುವುದಿಲ್ಲ. ನಮ್ಮಲ್ಲಿ ಮೊದಲು ತಂಪು ನೋಡಬೇಕು, ಆಮೇಲೆ ವೇಗ. ಹಣ ಹಾಕುವುದಾದರೆ ಪ್ರೊಸೆಸರ್ ಬದಲಾದ ಮೇಲೂ ಉಳಿಯುವ ಭಾಗಗಳ ಮೇಲೆ ಹಾಕಬೇಕು.

## ಮೊದಲ ಹೆಜ್ಜೆ

ಓವರ್‌ಕ್ಲಾಕ್ ಮಾಡಿದರೆ ಪುಕ್ಕಟೆಯಾಗಿ ವೇಗ ಸಿಗುತ್ತದೆ ಎನ್ನುತ್ತಾರೆ, ನಿಜವೇ ಸರ್?

ವೇಗ ಸಿಗುವುದು ನಿಜ, ಆದರೆ ಪುಕ್ಕಟೆಯಾಗಿ ಅಲ್ಲ. ಪ್ರತಿ ಪ್ರೊಸೆಸರ್ ಇಷ್ಟು ಗಿಗಾಹರ್ಟ್ಸ್‌ನಲ್ಲಿ, ಇಷ್ಟು ವೋಲ್ಟೇಜಿನಲ್ಲಿ ಓಡಬೇಕು ಎಂಬ ಮಿತಿಯೊಂದಿಗೆ ಕಾರ್ಖಾನೆಯಿಂದ ಬರುತ್ತದೆ. ಆ ಮಿತಿಯನ್ನು ದಾಟಿ ಓಡಿಸುವುದೇ ಓವರ್‌ಕ್ಲಾಕ್. ಒಂದು ಹಂತದ ಮೇಲೆ ವೇಗ ಏರಬೇಕೆಂದರೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಲೆಕ್ಕ ಕೆಡುವುದು ಇಲ್ಲಿಯೇ. ಚಿಪ್ ಎಳೆಯುವ ವಿದ್ಯುತ್ತು ವೇಗ ಹೆಚ್ಚಿದಷ್ಟೇ ಹೆಚ್ಚುತ್ತದೆ. ವೋಲ್ಟೇಜ್ ಹೆಚ್ಚಿದರೆ ಮಾತ್ರ ಅದರ ವರ್ಗದಷ್ಟು ಹೆಚ್ಚುತ್ತದೆ. 1.2 ವೋಲ್ಟ್‌ನಲ್ಲಿ 4.2 ಗಿಗಾಹರ್ಟ್ಸ್ ಓಡುತ್ತಿದ್ದ ಚಿಪ್ಪನ್ನು 1.35 ವೋಲ್ಟ್ ಕೊಟ್ಟು 4.6ಕ್ಕೆ ಏರಿಸಿದಿರಿ ಎನ್ನೋಣ. ವೇಗ ಶೇ 10ರಷ್ಟೂ ಹೆಚ್ಚಲಿಲ್ಲ, ಶಾಖ ಸುಮಾರು ಶೇ 39ರಷ್ಟು ಹೆಚ್ಚಿತು. ಆ ಶಾಖವನ್ನು ಹೊರಹಾಕುವ ಖರ್ಚು ನಿಮ್ಮದು.

ಅಣ್ಣಾ, ನನ್ನ ಪ್ರೊಸೆಸರ್ ಓವರ್‌ಕ್ಲಾಕ್ ಆಗುತ್ತದೋ ಇಲ್ಲವೋ ಹೇಗೆ ತಿಳಿಯುವುದು?

ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಎರಡೂ ಒಪ್ಪಬೇಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಕೆ’ ಇರುವವು ಮಾತ್ರ ಅದಕ್ಕೆ ಅವಕಾಶ ಕೊಡುತ್ತವೆ, ಅವಕ್ಕೂ ‘ಝಡ್’ ಸರಣಿಯ ಬೋರ್ಡ್ ಬೇಕು. ಹಾಗಾಗಿ ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಐ3-12100ಎಫ್, ಐ5-12400ಎಫ್ ಇದ್ದವರಿಗೆ ಓವರ್‌ಕ್ಲಾಕ್ ದಾರಿ ಮುಚ್ಚಿದೆ. ಎಎಂಡಿ ಕಂಪನಿಯ ರೈಜನ್‌ಗಳಲ್ಲಿ ಬಹುತೇಕ ಎಲ್ಲವೂ ತೆರೆದವೇ. 2019ರಲ್ಲಿ ಬಂದ ಅಗ್ಗದ ಅಥ್ಲಾನ್ 3000ಜಿ ಕೂಡ ತೆರೆದದ್ದು. ಆದರೆ ಬೋರ್ಡ್ ಎ320, ಎ520 ಅಥವಾ ಎ620 ಆಗಿದ್ದರೆ ಪ್ರೊಸೆಸರಿನ ವೇಗ ಏರಿಸಲು ಬರುವುದಿಲ್ಲ. ಬಿ450, ಬಿ550, ಬಿ650 ಬೋರ್ಡ್‌ಗಳಲ್ಲಿ ಬರುತ್ತದೆ. ಖರೀದಿಗೆ ಹೋಗುವ ಮುನ್ನ ಈ ಒಂದು ಅಕ್ಷರ ನೋಡಿಕೊಳ್ಳಿ.

ಟ್ಯಾಲಿ, ನುಡಿ, ಆನ್‌ಲೈನ್ ಅರ್ಜಿ ತುಂಬುವುದು ಇಷ್ಟೇ ನಮ್ಮ ಕೆಲಸ. ನಮಗೆ ಇದು ಬೇಕೇ?

ಬೇಡ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ರ‍್ಯಾಮ್ 8 ಜಿಬಿ ಇದ್ದರೆ 16 ಮಾಡಿ. ಆ ಕೆಲಸಗಳಿಗೆ ಅದರಿಂದ ಸಿಗುವ ಚುರುಕು ಯಾವ ಓವರ್‌ಕ್ಲಾಕ್‌ನಿಂದಲೂ ಸಿಗುವುದಿಲ್ಲ.

ನಮ್ಮ ಕಡೆ ಏಪ್ರಿಲ್–ಮೇನಲ್ಲಿ 42, 43 ಡಿಗ್ರಿ ಬಿಸಿಲು. ಪ್ರೊಸೆಸರ್ ಸುಟ್ಟುಹೋಗುವುದಿಲ್ಲವೇ?

ಸುಟ್ಟುಹೋಗುವುದಿಲ್ಲ. ಈಗಿನ ಪ್ರೊಸೆಸರ್‌ಗಳು ತಮ್ಮ ಮಿತಿ ಮುಟ್ಟಿದ ಕೂಡಲೇ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ, ಅದಕ್ಕೂ ಮೀರಿದರೆ ಕಂಪ್ಯೂಟರ್ ಬಂದ್ ಆಗುತ್ತದೆ. ರೈಜನ್ 5 5600ಕ್ಕೆ ಆ ಮಿತಿ 90 ಡಿಗ್ರಿ. 3600, 5600ಜಿ, 7600ಗಳಿಗೆ 95 ಡಿಗ್ರಿ.

ಆದರೆ ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲೇಬೇಕು. ಗಾಳಿಯಿಂದ ತಂಪಾಗುವ ಯಾವ ವ್ಯವಸ್ಥೆಯೂ ಪ್ರೊಸೆಸರನ್ನು ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲಾರದು. ಅದು ಕೋಣೆಗಿಂತ ಎಷ್ಟು ಮೇಲೆ ನಿಲ್ಲುತ್ತದೆ ಎಂಬುದಷ್ಟೇ ಕೂಲರಿನ ಕೈಯಲ್ಲಿದೆ. 25 ಡಿಗ್ರಿಯ ಕೋಣೆಯಲ್ಲಿ ಪೂರ್ಣ ಹೊರೆ ಹೊತ್ತಾಗ 70 ಡಿಗ್ರಿ ತೋರಿಸುವ ಪ್ರೊಸೆಸರ್, 40 ಡಿಗ್ರಿಯ ಕೋಣೆಯಲ್ಲಿ 85ರ ಸುತ್ತಮುತ್ತ ನಿಲ್ಲುತ್ತದೆ. ಹೊರದೇಶದ ವಿಮರ್ಶಕ ‘70 ಡಿಗ್ರಿ, ಬಹಳ ತಂಪು’ ಎಂದು ಹೊಗಳಿದ ಅದೇ ಜೋಡಣೆಯಲ್ಲಿ 5600ರ 90 ಡಿಗ್ರಿ ಮಿತಿಗೆ ನಮಗೆ ಉಳಿಯುವುದು ಐದೇ ಡಿಗ್ರಿ. ಪತ್ರಾಸಿನ ಶೆಡ್‌ನಲ್ಲಿ ಅಂಗಡಿ ಇಟ್ಟವರಿಗೆ ಅದೂ ಉಳಿಯುವುದಿಲ್ಲ. ಹಾಸುಗಲ್ಲಿನ ಮಾಳಿಗೆಯ ಕೆಳಗೆ ಇರುವವರು ಇನ್ನೊಂದನ್ನು ಗಮನಿಸಿರಬಹುದು: ಕಲ್ಲು ಹಗಲೆಲ್ಲ ಹೀರಿದ ಕಾವನ್ನು ಸಂಜೆಯ ಮೇಲೆ ಬಿಡುತ್ತದೆ, ಕೋಣೆಯ ಧಗೆ ಆಗಲೇ ಹೆಚ್ಚು. ನಿಮ್ಮ ಕಂಪ್ಯೂಟರಿನ ಉಷ್ಣತೆಯನ್ನು ಆ ಹೊತ್ತಿನಲ್ಲಿ ಅಳೆಯಿರಿ. ಬೀದರ್ ಎತ್ತರದಲ್ಲಿರುವುದರಿಂದ ಕೊಂಚ ತಂಪು. ಅಲ್ಲಿಯವರಿಗೆ ಒಂದೆರಡು ಡಿಗ್ರಿಗಳ ಅನುಕೂಲ ಇದೆ, ಅದನ್ನು ಉಳಿಸಿಕೊಳ್ಳಲಿ ಎನ್ನುತ್ತೇನೆ.

## ತಂಪಿನ ಕೆಲಸ

ಪ್ರೊಸೆಸರ್ ಜೊತೆ ಡಬ್ಬಿಯಲ್ಲಿ ಬಂದ ಕೂಲರ್ ಸಾಕಲ್ಲವೇ?

ಕಾರ್ಖಾನೆಯ ವೇಗದಲ್ಲೇ ಓಡಿಸುವುದಾದರೆ ಸಾಕು, ಬೇಸಿಗೆಯಲ್ಲಿ ಫ್ಯಾನ್ ಸದ್ದು ಮಾಡುತ್ತದೆ ಅಷ್ಟೆ. 65 ವ್ಯಾಟ್ ರೈಜನ್‌ಗಳ ಜೊತೆ ಬರುವ ರೈತ್ ಸ್ಟೆಲ್ತ್ ಚಿಕ್ಕ ಅಲ್ಯೂಮಿನಿಯಂ ಕೂಲರ್. ಅದರಲ್ಲಿ ಹೀಟ್ ಪೈಪ್ (ಶಾಖ ಸಾಗಿಸುವ ಕೊಳವೆ) ಇಲ್ಲ. ವೇಗ ಏರಿಸುವ ಮನಸ್ಸಿದ್ದರೆ ನಾಲ್ಕು ತಾಮ್ರದ ಹೀಟ್ ಪೈಪ್, 120 ಮಿಲಿಮೀಟರ್ ಫ್ಯಾನ್ ಇರುವ ಒಂದು ಟವರ್ ಕೂಲರ್ ಕೊಳ್ಳಿ. ಡೀಪ್‌ಕೂಲ್ ಎಕೆ400 ಇಂಥದ್ದು, ಈ ಬಗೆಯವು ಬೇರೆ ಕಂಪನಿಗಳಲ್ಲೂ ಸಿಗುತ್ತವೆ. ಬಜೆಟ್ ಪ್ರೊಸೆಸರಿಗೆ ಇದಕ್ಕಿಂತ ದೊಡ್ಡದು ಬೇಕಿಲ್ಲ. ಎತ್ತರ ಮಾತ್ರ ನೋಡಿಕೊಳ್ಳಿ: ಟವರ್ ಕೂಲರ್‌ಗಳು 155 ಮಿಲಿಮೀಟರ್ ಆಸುಪಾಸು ಇರುತ್ತವೆ, ಹಳೆಯ ಕಿರಿದಾದ ಕ್ಯಾಬಿನೆಟ್‌ಗಳಲ್ಲಿ ಪಕ್ಕದ ಬಾಗಿಲು ಮುಚ್ಚುವುದಿಲ್ಲ.

ಕ್ಯಾಬಿನೆಟ್ ಮುಂದೆ ಗಾಜು, ಬಣ್ಣದ ದೀಪ ಇರುವುದನ್ನು ತೆಗೆದುಕೊಂಡೆ. ಉಷ್ಣತೆ ಹೆಚ್ಚಾಗಿದೆ, ಏಕೆ?

ಗಾಳಿ ಒಳಗೆ ಬರುವ ದಾರಿಯೇ ಮುಚ್ಚಿದೆ. ಮುಂದೆ ಜಾಲರಿ ಇರಬೇಕು, ಅಲ್ಲಿಂದ ಎರಡು ಫ್ಯಾನ್ ಗಾಳಿ ಎಳೆಯಬೇಕು, ಹಿಂದೆ ಒಂದು ಹೊರಗೆ ದೂಡಬೇಕು. ಪರೀಕ್ಷೆ ಸುಲಭ: ಪಕ್ಕದ ಬಾಗಿಲು ತೆಗೆದು ಅದೇ ಹೊರೆ ಹಾಕಿ ನೋಡಿ. ಉಷ್ಣತೆ ಹತ್ತು ಡಿಗ್ರಿ ಇಳಿದರೆ ದೋಷ ಕೂಲರಿನದಲ್ಲ, ಕ್ಯಾಬಿನೆಟ್ಟಿನದು. ನಮ್ಮ ಮನೆಗಳಲ್ಲಿ ಇನ್ನೊಂದು ತೊಂದರೆ ಕಂಪ್ಯೂಟರ್ ಟೇಬಲ್ಲಿನ ಪೆಟ್ಟಿಗೆ. ಮೂರು ಕಡೆ ಹಲಗೆ ಇರುವ ಆ ಖಾನೆಯಲ್ಲಿ ಹೊರಬಿದ್ದ ಬಿಸಿಗಾಳಿಯೇ ಮತ್ತೆ ಒಳಗೆ ಹೋಗುತ್ತದೆ. ಕ್ಯಾಬಿನೆಟ್ಟನ್ನು ಅಲ್ಲಿಂದ ಹೊರಗೆ ತೆಗೆಯಿರಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಮನೆಯಲ್ಲಿ ಏರ್ ಕೂಲರ್ ಇದೆ. ಅದರ ಗಾಳಿಯನ್ನು ನೇರವಾಗಿ ಕಂಪ್ಯೂಟರಿಗೆ ಬಿಡಬಹುದೇ?

ಕೋಣೆಗೆ ಬಿಡಿ, ಕಂಪ್ಯೂಟರಿಗೆ ಬಿಡಬೇಡಿ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರುವುದರಿಂದ ಏರ್ ಕೂಲರ್ ಕೆಲಸ ಮಾಡುತ್ತದೆ, ಗಾಳಿ ಒಣಗಿದ್ದಷ್ಟೂ ಅದಕ್ಕೆ ಒಳ್ಳೆಯದು. ನಮ್ಮ ಏಪ್ರಿಲ್, ಮೇ ಗಾಳಿ ಚೆನ್ನಾಗಿ ಒಣಗಿರುತ್ತದೆ. ಎದುರಿನ ಕಿಟಕಿ ತೆರೆದಿಟ್ಟು ಕೂಲರ್ ಓಡಿಸಿದರೆ ಕೋಣೆ ಹತ್ತು ಡಿಗ್ರಿಯಷ್ಟು ಇಳಿಯಬಹುದು. ಪ್ರೊಸೆಸರಿನ ಉಷ್ಣತೆಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಯಾವ ದುಬಾರಿ ಪ್ರೊಸೆಸರ್ ಕೂಲರ್ ಕೂಡ ಇಷ್ಟು ಉಪಕಾರ ಮಾಡುವುದಿಲ್ಲ.

‘ತೇವದಿಂದ ಬೋರ್ಡ್ ಕೆಡುವುದಿಲ್ಲವೇ’ ಎಂದು ಬಹಳ ಜನ ಹೆದರುತ್ತಾರೆ. ಓಡುತ್ತಿರುವ ಕಂಪ್ಯೂಟರಿನ ಭಾಗಗಳು ಸುತ್ತಲಿನ ಗಾಳಿಗಿಂತ ಬಿಸಿಯಾಗಿರುವುದರಿಂದ ಅವುಗಳ ಮೇಲೆ ಹನಿಗಟ್ಟುವುದಿಲ್ಲ. ನಿಜವಾದ ಅಪಾಯ ಕೂಲರ್ ಎಸೆಯುವ ಸಣ್ಣ ಹನಿಗಳದು. ಬೋರ್‌ವೆಲ್ಲಿನ ಗಡಸು ನೀರಾದರೆ ಆ ಹನಿ ಒಣಗಿದ ಮೇಲೆ ಬಿಳಿ ಉಪ್ಪು ಉಳಿಯುತ್ತದೆ, ದೂಳು ಅದಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಕೂಲರಿನ ಮೂತಿ ಕ್ಯಾಬಿನೆಟ್ ಕಡೆಗೆ ಇರಬಾರದು. ಮಳೆ ಹಿಡಿದ ಮೇಲೆ ಗಾಳಿಯಲ್ಲೇ ತೇವ ತುಂಬಿರುತ್ತದೆ. ಆಗ ಅದರ ಪ್ರಯೋಜನ ಕಡಿಮೆ, ಬರಿಯ ಫ್ಯಾನ್ ಸಾಕು.

ದಾಲ್ ಮಿಲ್ ಪಕ್ಕದಲ್ಲೇ ನಮ್ಮ ಮನೆ. ಎಷ್ಟು ದಿನಕ್ಕೊಮ್ಮೆ ದೂಳು ತೆಗೆಯಬೇಕು?

ತಿಂಗಳಿಗೊಮ್ಮೆ ಮುಂದಿನ ಜಾಲರಿ ಒರೆಸಿ, ಮೂರು ತಿಂಗಳಿಗೊಮ್ಮೆ ಒಳಗೆ ಬ್ಲೋವರ್ ಹಿಡಿಯಿರಿ. ತೊಗರಿ ಹೊಟ್ಟಿನ ದೂಳು ಹಗುರ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಹಾಸಿನಂತೆ ಕೂರುತ್ತದೆ, ಆದರೆ ಊದಿದರೆ ಹೋಗುತ್ತದೆ. ಸೇಡಂ, ವಾಡಿ ಕಡೆಯವರ ಪರಿಸ್ಥಿತಿ ಬೇರೆ. ಸಿಮೆಂಟಿನ ದೂಳಿಗೆ ತೇವ ತಗುಲಿದರೆ ಗಟ್ಟಿಯಾಗುತ್ತದೆ, ಆದ್ದರಿಂದ ಅಲ್ಲಿ ಮಳೆಗಾಲಕ್ಕೆ ಮುಂಚೆ ಒಮ್ಮೆ ಪೂರ್ತಿ ಬಿಚ್ಚಿ ಸ್ವಚ್ಛ ಮಾಡುವುದು ಒಳ್ಳೆಯದು. ಬ್ಲೋವರ್ ಬಿಡುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ.

ಪ್ರೊಸೆಸರ್ ಮತ್ತು ಕೂಲರ್ ನಡುವಿನ ಪೇಸ್ಟ್ ಎಷ್ಟು ಹಚ್ಚಬೇಕು? ಕೂಲರ್ ಎಳೆದರೆ ಪ್ರೊಸೆಸರೇ ಕಿತ್ತು ಬರುತ್ತದೆ ಎನ್ನುತ್ತಾರೆ, ಹೌದೇ?

ನಡುವೆ ಒಂದು ಬಟಾಣಿ ಕಾಳಿನಷ್ಟು ಸಾಕು. ಒತ್ತಿದಾಗ ತಾನೇ ಹರಡುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ, ಇಲ್ಲವೇ ಉಷ್ಣತೆ ಕಾರಣವಿಲ್ಲದೆ ಏರತೊಡಗಿದಾಗ ಬದಲಿಸಿ. ಪ್ರೊಸೆಸರ್ ಕಿತ್ತು ಬರುವುದು ರೈಜನ್ 5000ವರೆಗಿನವು ಕೂರುವ ಎಎಂ4 ಸಾಕೆಟ್ಟಿನಲ್ಲಿ ನಿಜ. ಅದರ ಪಿನ್ನುಗಳು ಪ್ರೊಸೆಸರಿನಲ್ಲೇ ಇರುತ್ತವೆ, ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದಿರುತ್ತದೆ, ನೇರ ಮೇಲಕ್ಕೆ ಎಳೆದರೆ ಪಿನ್ ಬಾಗುತ್ತದೆ. ಹತ್ತು ನಿಮಿಷ ಭಾರಿ ಹೊರೆ ಹಾಕಿ ಬಿಸಿ ಮಾಡಿ, ಕಂಪ್ಯೂಟರ್ ಆರಿಸಿ, ವೈರ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಬಿಡಿಸಿಕೊಳ್ಳಿ. ‘ಲಿಕ್ವಿಡ್ ಮೆಟಲ್’ ಹಚ್ಚಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಅಗ್ಗದ ಕೂಲರ್‌ಗಳ ತಳ ಅಲ್ಯೂಮಿನಿಯಂನದೇ.

ವಾಟರ್ ಕೂಲಿಂಗ್ ಹಾಕಿಸಿದರೆ ಬಿಸಿಲಿನ ಚಿಂತೆ ತಪ್ಪುತ್ತದೆಯೇ?

ತಪ್ಪುವುದಿಲ್ಲ. ಅದರ ರೇಡಿಯೇಟರ್ ಕೂಡ ಕೋಣೆಯ ಗಾಳಿಗೇ ಶಾಖ ಬಿಡಬೇಕು. ಆರು ಕೋರ್‌ನ ಬಜೆಟ್ ಪ್ರೊಸೆಸರಿಗೆ ಅದೊಂದು ವೃಥಾ ಖರ್ಚು. ಮೇಲಾಗಿ ಪಂಪ್ ಕೆಟ್ಟರೆ ರಿಪೇರಿ ಇಲ್ಲ, ಪೂರ್ತಿ ಬದಲಿಸಬೇಕು. ಟವರ್ ಕೂಲರಿನಲ್ಲಿ ಕೆಡುವುದು ಫ್ಯಾನ್ ಒಂದೇ, ಅದು ಯಾವ ಊರಿನಲ್ಲೂ ಸಿಗುತ್ತದೆ.

## ವೇಗ ಏರಿಸುವ ಕೆಲಸ

ಸರಿ ಅಣ್ಣಾ, ಕೂಲರ್ ಹಾಕಿಸಿದ್ದೇನೆ. ಈಗ ಎಲ್ಲಿಂದ ಶುರು ಮಾಡಲಿ?

ವೋಲ್ಟೇಜ್ ಇಳಿಸುವುದರಿಂದ. ಇದು ತಿರುಗುಮುರುಗು ಎನಿಸಬಹುದು, ಆದರೆ ನಮ್ಮ ಹವೆಗೆ ಇದಕ್ಕಿಂತ ಹೊಂದುವ ವಿಧಾನ ನನಗೆ ಗೊತ್ತಿಲ್ಲ. ಕಾರ್ಖಾನೆಯಲ್ಲಿ ಎಲ್ಲ ಚಿಪ್‌ಗಳೂ ಓಡಲೆಂದು ಕೊಂಚ ಹೆಚ್ಚು ವೋಲ್ಟೇಜನ್ನೇ ನಿಗದಿ ಮಾಡಿರುತ್ತಾರೆ. ರೈಜನ್ 5000 ಮತ್ತು ಅದರ ನಂತರದವುಗಳಲ್ಲಿ, ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟವಾದ ಬಯೋಸ್‌ನೊಳಗೆ ಪಿಬಿಒ ಎಂಬ ವಿಭಾಗ, ಅದರೊಳಗೆ ‘ಕರ್ವ್ ಆಪ್ಟಿಮೈಸರ್’ ಇರುತ್ತದೆ. ಅಲ್ಲಿ ಎಲ್ಲ ಕೋರ್‌ಗಳಿಗೂ ಮೈನಸ್ 10 ಕೊಡಿ. ಒಂದೊಂದು ಅಂಕಿಗೆ ಸುಮಾರು 3ರಿಂದ 5 ಮಿಲಿವೋಲ್ಟ್ ಇಳಿಯುತ್ತದೆ. ಶಾಖ ಕಡಿಮೆಯಾದ ಜಾಗದಲ್ಲಿ ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳುತ್ತದೆ. ಒಂದು ವಾರ ಬಳಸಿ, ತೊಂದರೆ ಇಲ್ಲದಿದ್ದರೆ ಮೈನಸ್ 15, ಆಮೇಲೆ 20. ಮೈನಸ್ 30 ಕೊನೆ. ಎಲ್ಲ ಚಿಪ್ಪೂ ಅಲ್ಲಿವರೆಗೆ ಬರುವುದಿಲ್ಲ.

ಇದಾದ ಮೇಲೆ ವಿದ್ಯುತ್ ಮಿತಿ. 5600ಕ್ಕೆ ಸಾಕೆಟ್ಟಿನಿಂದ ಸಿಗುವ ಮಿತಿ 76 ವ್ಯಾಟ್. ಒಳ್ಳೆಯ ಕೂಲರ್ ಇದ್ದರೆ ಡಿಸೆಂಬರಿನಲ್ಲಿ ಇದನ್ನು 90, 95 ವ್ಯಾಟ್‌ಗೆ ಏರಿಸಿ ನೋಡಬಹುದು. ಮಾರ್ಚ್ ಬಂದ ಕೂಡಲೇ ಹಿಂದಕ್ಕೆ ಇಳಿಸಿ. ಬಯೋಸ್‌ನಲ್ಲಿ ಎರಡು ಪ್ರೊಫೈಲ್ ಉಳಿಸಿಕೊಂಡರೆ ಇದು ಎರಡು ನಿಮಿಷದ ಕೆಲಸ.

ರೈಜನ್ 3600ರಂಥ ಹಳೆಯವುಗಳಲ್ಲಿ ಕರ್ವ್ ಆಪ್ಟಿಮೈಸರ್ ಇಲ್ಲ. ಅವುಗಳಲ್ಲಿ ಎಲ್ಲ ಕೋರಿಗೂ ಒಂದೇ ವೇಗ, ಒಂದೇ ವೋಲ್ಟೇಜ್ ಕಟ್ಟುವ ಹಳೆಯ ವಿಧಾನವಿದೆ. ಹಾಗೆ ಮಾಡಿದರೆ ಒಂದೇ ಕೋರ್ ಬಳಸುವ ಕೆಲಸಗಳಲ್ಲಿ ಮೊದಲಿಗಿಂತ ವೇಗ ಕಡಿಮೆಯಾಗುವುದೂ ಉಂಟು. ವಿಡಿಯೊ ರೆಂಡರ್ ಮಾಡುವವರಿಗೆ ಲಾಭ, ಆಟ ಆಡುವವರಿಗೆ ಹೆಚ್ಚೇನಿಲ್ಲ.

ಏನೂ ಕೆಲಸ ಮಾಡದೆ ಇದ್ದಾಗಲೂ 1.45 ವೋಲ್ಟ್ ತೋರಿಸುತ್ತಿದೆ. ಹೆದರಬೇಕೇ?

ಬೇಡ. ರೈಜನ್ 3000, 5000ಗಳಲ್ಲಿ ಹಗುರ ಕೆಲಸ ಇದ್ದಾಗ ಒಂದೆರಡು ಕೋರ್ ಕ್ಷಣಮಾತ್ರ ಮೇಲೆ ಹಾರುತ್ತವೆ, ಆಗ ವೋಲ್ಟೇಜ್ 1.5ರ ಹತ್ತಿರ ಹೋಗುವುದು ಸಹಜ. ಹರಿಯುವ ಕರೆಂಟ್ ಕಡಿಮೆ ಇರುವುದರಿಂದ ತೊಂದರೆಯಿಲ್ಲ. ಅದೇ ವೋಲ್ಟೇಜನ್ನು ನೀವು ಕೈಯಾರೆ ಎಲ್ಲ ಕೋರ್‌ಗೂ ಕಟ್ಟಿ ಪೂರ್ಣ ಹೊರೆ ಹಾಕಿದರೆ ಮಾತ್ರ ಚಿಪ್ ಸವೆಯುತ್ತದೆ. ಕೈಯಾರೆ ಕಟ್ಟುವವರಿಗೆ ನನ್ನ ಸಲಹೆ: 1.25ರ ಆಸುಪಾಸಿನಲ್ಲಿ ಇರಿ, 1.3 ದಾಟಬೇಡಿ.

ರ‍್ಯಾಮ್ ವೇಗ ಏರಿಸುವುದರಿಂದ ಏನಾದರೂ ಪ್ರಯೋಜನ ಇದೆಯೇ?

ರೈಜನ್‌ನಲ್ಲಿ ಬಹಳ ಇದೆ, ಅದರಲ್ಲೂ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ 5600ಜಿ ಬಳಸುವವರಿಗೆ. ಅದರ ಗ್ರಾಫಿಕ್ಸ್ ಭಾಗ ರ‍್ಯಾಮನ್ನೇ ನೆಚ್ಚಿಕೊಂಡಿದೆ. 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿ ಹಾಕಿದರೆ ಆಟಗಳಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಬರುತ್ತದೆ. 3200 ಎಂದು ಬರೆದ ರ‍್ಯಾಮ್ ಕೊಂಡು ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಬರೆದ ವೇಗದಲ್ಲೇ ಓಡಿಸುವ ಸೆಟ್ಟಿಂಗ್) ಆನ್ ಮಾಡದೆ ಇರುವವರು ಎಷ್ಟೋ ಜನ. ಮೊದಲು ಅದನ್ನು ನೋಡಿ. ಎಎಂ4ರಲ್ಲಿ 5000 ಸರಣಿಗೆ 3600 ವೇಗದ ರ‍್ಯಾಮ್ ಸಾಕು, ಅದರ ನಂತರದ ಎಎಂ5 ಸಾಕೆಟ್ಟಿನಲ್ಲಿ 6000. ಅದಕ್ಕಿಂತ ಮೇಲೆ ಹಣ ಸುರಿದರೆ ಪ್ರತಿಫಲ ಕಡಿಮೆ.

ಸ್ಥಿರವಾಗಿದೆ ಎಂದು ಹೇಗೆ ಖಚಿತ ಮಾಡಿಕೊಳ್ಳುವುದು? ವೇಗ ಅಳೆಯುವ ಸಿನಿಬೆಂಚ್ ತಂತ್ರಾಂಶ ಓಡಿತು, ಸಾಕಲ್ಲವೇ?

ಸಾಲದು. ಸಿನಿಬೆಂಚ್ ಹತ್ತು ನಿಮಿಷ ಓಡಿದರೆ ಕೂಲರ್ ಸರಿಯಾಗಿದೆ ಎಂದು ಗೊತ್ತಾಗುತ್ತದೆ. ಲೆಕ್ಕದಲ್ಲಿ ತಪ್ಪು ಬರುತ್ತಿದೆಯೋ ಎಂದು ನೋಡಲು ಒಸಿಸಿಟಿ ಅಥವಾ ಪ್ರೈಮ್95 ಗಂಟೆಗಟ್ಟಲೆ ಓಡಬೇಕು, ರ‍್ಯಾಮಿಗೆ ಮೆಮ್‌ಟೆಸ್ಟ್86 ಒಂದು ರಾತ್ರಿ. ಕರ್ವ್ ಆಪ್ಟಿಮೈಸರ್ ಬಳಸಿದವರಿಗೆ ಇನ್ನೊಂದು ಸೂಕ್ಷ್ಮ: ವೋಲ್ಟೇಜ್ ಮಿತಿಮೀರಿ ಇಳಿಸಿದ ಕಂಪ್ಯೂಟರ್ ಭಾರಿ ಹೊರೆಯಲ್ಲಿ ಗಟ್ಟಿಯಾಗಿ ನಿಂತು, ಸುಮ್ಮನೆ ಇದ್ದಾಗ ಅಥವಾ ಬ್ರೌಸರ್ ತೆರೆದಾಗ ತಟ್ಟನೆ ರೀಸ್ಟಾರ್ಟ್ ಆಗುತ್ತದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ಡಬ್ಲ್ಯುಎಚ್‌ಇಎ’ ಎಂಬ ಹೆಸರಿನ ದೋಷ ಕಂಡರೆ ಅಂಕಿಯನ್ನು ಐದು ಹಿಂದಕ್ಕೆ ತನ್ನಿ. ಮದುವೆ ಆಲ್ಬಮ್, ವಿದ್ಯಾರ್ಥಿಯ ಪ್ರಾಜೆಕ್ಟ್ ಇರುವ ಯಂತ್ರದಲ್ಲಿ ಅರೆಸ್ಥಿರ ವೇಗಕ್ಕೆ ಜಾಗವೇ ಇರಬಾರದು.

ಜನವರಿಯಲ್ಲಿ ಪಾಸಾದ ಪರೀಕ್ಷೆ ಮೇ ತಿಂಗಳಿಗೆ ಸಲ್ಲುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಮತ್ತೊಮ್ಮೆ ಓಡಿಸಿ.

ನಮ್ಮಲ್ಲಿ ಕರೆಂಟ್ ಏರಿಳಿತ ಬಹಳ. ಓವರ್‌ಕ್ಲಾಕ್ ಮಾಡಿದರೆ ಹೆಚ್ಚು ಅಪಾಯವೇ?

ಅಪಾಯ ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಮೇಲೆ ನಿಂತಿದೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಕೊಡುವ ಎಸ್‌ಎಂಪಿಎಸ್ ಇದ್ದರೆ ವೇಗ ಏರಿಸುವ ವಿಚಾರವನ್ನೇ ಬಿಡಿ. ‘ಆ್ಯಕ್ಟಿವ್ ಪಿಎಫ್‌ಸಿ’ ಇದ್ದು, ಲೇಬಲ್ಲಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದದ್ದನ್ನು ಆರಿಸಿ. ಹಳ್ಳಿಯಲ್ಲಿ ಸಂಜೆ ವೋಲ್ಟೇಜ್ 170ಕ್ಕೆ ಬಿದ್ದರೂ ಅದು ತಡೆದುಕೊಳ್ಳುತ್ತದೆ. 200–240 ಎಂದಷ್ಟೇ ಬರೆದದ್ದು ತಡೆದುಕೊಳ್ಳುವ ಭರವಸೆಯಿಲ್ಲ. ಯುಪಿಎಸ್‌ನ ಲೆಕ್ಕವನ್ನೂ ನೋಡಿ: 600 ವಿಎ ಯುಪಿಎಸ್ ಸಾಮಾನ್ಯವಾಗಿ ಹೊರುವುದು 360 ವ್ಯಾಟ್. ಗ್ರಾಫಿಕ್ಸ್ ಕಾರ್ಡ್, ಮಾನಿಟರ್, ಏರಿಸಿದ ಪ್ರೊಸೆಸರ್ ಎಲ್ಲ ಸೇರಿ ಅದನ್ನು ಮೀರಿದರೆ ಕರೆಂಟ್ ಹೋದ ಕ್ಷಣವೇ ಎಲ್ಲ ಆರಿಹೋಗುತ್ತದೆ. ಬಯೋಸ್ ಅಪ್‌ಡೇಟ್ ಅನ್ನಂತೂ ಯುಪಿಎಸ್ ಇಲ್ಲದೆ ಮಾಡಲೇಬೇಡಿ.

## ಮುಂದಿನ ಅಪ್‌ಗ್ರೇಡ್

ಕಡಿಮೆ ಬಜೆಟ್ ಇದೆ. ಎಎಂ4 ತೆಗೆದುಕೊಳ್ಳಲೇ, ಎಎಂ5ಕ್ಕೆ ಹಣ ಕೂಡಿಡಲೇ?

ಎಎಂ4ಕ್ಕೆ 2017ರಲ್ಲಿ ಮೊದಲ ರೈಜನ್ ಬಂತು. ಅಂದು ಕೊಂಡ ಎಷ್ಟೋ ಬೋರ್ಡ್‌ಗಳು ಬಯೋಸ್ ಬದಲಿಸಿ 5000 ಸರಣಿಯವರೆಗೂ ನಡೆದುಬಂದವು. ಒಂದು ಸಾಕೆಟ್ಟನ್ನು ಇಷ್ಟು ವರ್ಷ ನಡೆಸಿದ್ದು ಮಧ್ಯಮ ವರ್ಗದ ಗ್ರಾಹಕನಿಗೆ ಮಾಡಿದ ದೊಡ್ಡ ಉಪಕಾರ ಎಂದೇ ನನ್ನ ಭಾವನೆ. ಈಗ ಹೊಸದಾಗಿ ಎಲ್ಲವನ್ನೂ ಕೊಳ್ಳುವವರು 2022ರಲ್ಲಿ ಬಂದ ಎಎಂ5ರ ಕಡೆ ನೋಡಬೇಕು. ಅದಕ್ಕೆ 2027ರ ಆಚೆಗೂ ಬೆಂಬಲ ಇರುತ್ತದೆ ಎಂದು ಎಎಂಡಿ ಹೇಳಿದೆ. ಆದರೆ ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು, ಹಳೆಯ ರ‍್ಯಾಮ್ ನಡೆಯುವುದಿಲ್ಲ.

ಮನೆಯಲ್ಲಿ ಈಗಾಗಲೇ ಎಎಂ4 ಬೋರ್ಡ್, ಡಿಡಿಆರ್4 ರ‍್ಯಾಮ್ ಇದ್ದರೆ ಪೂರ್ತಿ ಬದಲಿಸಬೇಡಿ. 5600 ಅಥವಾ 5700ಎಕ್ಸ್ ಹಾಕಿ, ಇನ್ನೂ ನಾಲ್ಕಾರು ವರ್ಷ ನಡೆಸಬಹುದು. ಆಟಕ್ಕಾಗಿಯೇ ಆದರೆ 5700ಎಕ್ಸ್3ಡಿ, 5800ಎಕ್ಸ್3ಡಿ ಇವೆ. ಇವು ಬೀಗ ಹಾಕಿದ ಪ್ರೊಸೆಸರ್‌ಗಳು, 105 ವ್ಯಾಟಿನವು, ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ. ಇಂದು 5600ಕ್ಕೆಂದು ಕೊಂಡ ಟವರ್ ಕೂಲರ್ ಅಂದು ಕೈಹಿಡಿಯುತ್ತದೆ.

ಬೋರ್ಡಿಗೆ ಹೆಚ್ಚು ಹಣ ಹಾಕಲೇ, ಪ್ರೊಸೆಸರಿಗೆ ಹಾಕಲೇ?

ಮುಂದೆ ಎಂಟು ಕೋರ್ ಹಾಕುವ ಆಸೆ ಇದ್ದರೆ ಬೋರ್ಡಿಗೆ. ಪ್ರೊಸೆಸರಿಗೆ ಕರೆಂಟ್ ಹದಮಾಡಿ ಕೊಡುವ ವಿಆರ್‌ಎಂ ಭಾಗದ ಮೇಲೆ ಲೋಹದ ಹೀಟ್‌ಸಿಂಕ್ ಇದೆಯೇ ಎಂದು ನೋಡಿ. ಅಗ್ಗದ ಬೋರ್ಡ್‌ಗಳಲ್ಲಿ ಅದು ಬರಿಮೈಯಲ್ಲಿ ಇರುತ್ತದೆ, 40 ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರಿಗಿಂತ ಮೊದಲು ಅದೇ ಬಸವಳಿಯುತ್ತದೆ. ಯುಎಸ್‌ಬಿಯಿಂದಲೇ ಬಯೋಸ್ ತುಂಬುವ ‘ಫ್ಲ್ಯಾಶ್‌ಬ್ಯಾಕ್’ ಗುಂಡಿ ಇದ್ದರೆ ಇನ್ನೂ ಒಳ್ಳೆಯದು. ಹೊಸ ಪ್ರೊಸೆಸರನ್ನು ಹಳೆಯ ಬಯೋಸ್ ಗುರುತಿಸದಿದ್ದಾಗ ಹೈದರಾಬಾದಿಗೆ ಓಡುವುದು ತಪ್ಪುತ್ತದೆ.

ಈಗ ಕೊಂಡ ಕೂಲರ್ ಮುಂದಿನ ಪ್ರೊಸೆಸರಿಗೂ ಕೂರುತ್ತದೆಯೇ?

ಎಎಂ4 ಕೂಲರ್‌ಗಳಲ್ಲಿ ಬಹುಪಾಲು ಎಎಂ5ಕ್ಕೂ ಕೂರುತ್ತವೆ. ಆದರೆ ಎಎಂ5ರಲ್ಲಿ ಹಿಂಬದಿಯ ಪಟ್ಟಿ ಬಿಚ್ಚಲು ಬರುವುದಿಲ್ಲ, ಆದ್ದರಿಂದ ತಮ್ಮದೇ ಹಿಂಬದಿ ಪಟ್ಟಿ ಕೇಳುವ ಕೂಲರ್‌ಗಳು ಹೊಂದುವುದಿಲ್ಲ. ಇಂಟೆಲ್‌ನಲ್ಲಿ 12ರಿಂದ 14ನೇ ತಲೆಮಾರಿನ 1700 ಸಾಕೆಟ್ಟಿನ ತೂತುಗಳ ಅಂತರ ಹಿಂದಿನ 1200ಕ್ಕಿಂತ ಬೇರೆ. ಹೊಸ ಕ್ಲಿಪ್ ಬೇಕಾಗುತ್ತದೆ. ಕೂಲರಿನ ಡಬ್ಬಿಯನ್ನೂ ಉಳಿದ ಸ್ಕ್ರೂಗಳನ್ನೂ ಎಸೆಯಬೇಡಿ.

ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ತರುತ್ತಿದ್ದೇನೆ ಕಾಕಾ. ಹಿಂದಿನವರು ಓವರ್‌ಕ್ಲಾಕ್ ಮಾಡಿ ಸವೆಸಿದ್ದರೆ ಹೇಗೆ ಗೊತ್ತಾಗುತ್ತದೆ?

ನೋಡಿದರೆ ಗೊತ್ತಾಗುವುದಿಲ್ಲ, ಓಡಿಸಿದರೆ ಗೊತ್ತಾಗುತ್ತದೆ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಾಗಲಿ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ, ಹಣ ಕೊಡುವ ಮುನ್ನ ಬೋರ್ಡಿನಲ್ಲಿ ಕೂರಿಸಿ ತೋರಿಸಲು ಕೇಳಿ. ಸಿಪಿಯು-ಝಡ್ ತೆರೆದು ಹೆಸರು ಹೊಂದುತ್ತದೆಯೇ ನೋಡಿ. ಮೇಲಿನ ಬರಹ ಅಳಿಸಿ ಬೇರೆ ಹೆಸರು ಕೆತ್ತಿದ ಚಿಪ್‌ಗಳೂ ಮಾರುಕಟ್ಟೆಗೆ ಬರುತ್ತವೆ. ಬಯೋಸ್‌ನ ಡಿಫಾಲ್ಟ್ ಸೆಟ್ಟಿಂಗಿನಲ್ಲಿ ಅರ್ಧ ಗಂಟೆ ಒಸಿಸಿಟಿ ದೋಷವಿಲ್ಲದೆ ಓಡಬೇಕು. ಎಎಂ4 ಆದರೆ ಪಿನ್ನುಗಳ ಸಾಲನ್ನು ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿ, ತರುವಾಗ ಪ್ಲಾಸ್ಟಿಕ್ ಡಬ್ಬಿಯಲ್ಲೇ ತನ್ನಿ.

ಇಂಟೆಲ್ 13, 14ನೇ ತಲೆಮಾರಿನ ಐ5-13600ಕೆ ಮತ್ತು ಅದರ ಮೇಲಿನವುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುವ ದೋಷದಿಂದ ಈ ಚಿಪ್‌ಗಳು ಕಾಲಕ್ರಮೇಣ ಅಸ್ಥಿರವಾಗುತ್ತಿದ್ದವು. 2024ರ ಆಗಸ್ಟಿನಿಂದ ಇಂಟೆಲ್ ಹೊಸ ಮೈಕ್ರೊಕೋಡ್ (ಪ್ರೊಸೆಸರಿನ ಒಳಸೂಚನೆಗಳ ತಿದ್ದುಪಡಿ) ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆದರೆ ಆಗಲೇ ಸವೆದ ಚಿಪ್ ಬಯೋಸ್ ಅಪ್‌ಡೇಟ್‌ನಿಂದ ಮೊದಲಿನಂತೆ ಆಗುವುದಿಲ್ಲ. ಬಿಲ್ ಇಲ್ಲದೆ ಇವನ್ನು ಕೊಳ್ಳಬೇಡಿ.

ವಾರಂಟಿ ಹೋಗುತ್ತದೆಯೇ?

ಮಿತಿ ಮೀರಿ ಓಡಿಸಿದ್ದರಿಂದ ಆದ ಹಾನಿಗೆ ಎಎಂಡಿ ವಾರಂಟಿ ಕೊಡುವುದಿಲ್ಲ, ಪಿಬಿಒ ಕೂಡ ಅದರಲ್ಲಿ ಸೇರಿದೆ. ಡಬ್ಬಿಯ ಪ್ರೊಸೆಸರಿಗೆ ಮೂರು ವರ್ಷದ ವಾರಂಟಿ ಇರುತ್ತದೆ. ಮೊದಲ ಬೇಸಿಗೆಯನ್ನು ಕಾರ್ಖಾನೆಯ ಸೆಟ್ಟಿಂಗಿನಲ್ಲೇ ಕಳೆಯಿರಿ. ಚಿಪ್ಪಿನಲ್ಲಿ ಹುಟ್ಟಿನಿಂದಲೇ ದೋಷವಿದ್ದರೆ ಬಹುತೇಕ ಆಗಲೇ ಹೊರಬೀಳುತ್ತದೆ. ವೇಗ ಏರಿಸುವ ಕೆಲಸವನ್ನು ದೀಪಾವಳಿ ಕಳೆದ ಮೇಲೆ, ರಾತ್ರಿಗಳು ತಂಪಾದಾಗ ಶುರು ಮಾಡಿ.